ಪ್ರಭುಭೋಜನದ ಬಟ್ಟೆ

ಪೂಜ್ಯ ಪಾಸ್ಟರ್ ಅಯ್ಯನವರಿಗೆ, ಚರ್ಚಿನ ಬಟ್ಟೆ ಒಗೆಯುವ ಲಾಂಡ್ರಿಯವಳ ವಂದನೆಗಳು.

ಸಂತೋಷದಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಕುಡಿತ ಬಿಟ್ಟು ನನ್ನ ಅಂಗಡಿ ಸೇರಿರುವ ತಮ್ಮನ ಕೈಗೆ ಇವತ್ತು ನಿಮ್ಮಲ್ಲಿಂದ ಬಂದ ಪ್ರಭುಭೋಜನದ ಮೇಜಿನ ಬಟ್ಟೆ ಸಿಕ್ಕಿತು, ವೈನಿನ ಕಲೆ ಸಮೇತ. ಅಭ್ಯಾಸಬಲದಿಂದ ನಾನು ಬಾಗಿಲ ಸಂದಿಯಲ್ಲಿ ಕಾವಲಿದ್ದೆ. ಅವನು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದ. ಮುಗಿಯಿತು ಕಥೆ ಅಂದುಕೊಂಡೆ. ಅವನು ನೇರ ನನ್ನ ಬಳಿಗೇ ಬಂದ.

"ಅಕ್ಕಾ, ಇದನ್ನ ನೀನೇ ಒಗಿ. ವಾಸನೆ ಕರೀತಿದೆ."

"ದಿನಾ ಪ್ರಾರ್ಥನೆ ಮಾಡ್ತೀಯ, ಆಸೆ ಇನ್ನೂ ಹೋಗಿಲ್ವೇನೋ?"

"ಆಸೆ ಹೋಗಿಲ್ಲ. ಬಚ್ಚಿಡೋ ಬುದ್ಧಿ ಹೋಯ್ತು. ಯೇಸುಸ್ವಾಮಿ ಅಲ್ಲಿಂದ ಶುರು ಮಾಡಿದಾರೆ ಕಣಕ್ಕಾ."

ಅಯ್ಯಾ, ಗಿರಾಕಿ ಬಾಯಿ ತೆರೆಯುವ ಮೊದಲೇ ಸುಳ್ಳು ಹಿಡಿಯುವವಳು ನಾನು. ಇವನ ಮಾತಲ್ಲಿ ಗುಲಗಂಜಿಯಷ್ಟೂ ಕಲಬೆರಕೆ ಇರಲಿಲ್ಲ!

ಈ ಭಾನುವಾರ ಅವನು ಪ್ರಭುಭೋಜನಕ್ಕೆ ಬರಬೇಕೆಂದಿದ್ದಾನೆ, ಆದರೆ ಅಲ್ಲಿ ಎಲ್ಲರೂ ಕುಡಿಯುವ ಬಟ್ಟಲಿನ ವೈನಿಗೆ ಹೆದರುತ್ತಾನೆ. ದಯವಿಟ್ಟು ಎಲ್ಲರಿಗೂ ದ್ರಾಕ್ಷಿ ರಸವನ್ನೇ ಕೊಡಿ. ಅವನೊಬ್ಬನಿಗೆ ಬೇರೆ ಲೋಟ ಬೇಡ. ಬೇರೆ ಲೋಟದಲ್ಲಿ ಒಬ್ಬನೇ ಕುಡಿದು ಅವನಿಗೆ ಸಾಕಾಗಿದೆ.

ರಸದ ಕಲೆ ವೈನಿಗಿಂತ ಹಠಮಾರಿ ಎಂದು ನಿಮ್ಮ ಮನೆಯ ಅಮ್ಮನವರು ತಕರಾರು ತೆಗೆದರೆ ಅವರಿಗೊಂದು ಮಾತು ಹೇಳಿಬಿಡಿ: ರಸವಾದರೆ ಮುಂದಿನ ವಾರದಿಂದ ಆ ಬಟ್ಟೆಯನ್ನು ನನ್ನ ತಮ್ಮನೇ ಒಗೆಯುತ್ತಾನಂತೆ.

ಇತಿ, ನಿಮ್ಮ ಸಭೆಯ
ಲಾಂಡ್ರಿ ಅಕ್ಕ