ಹೊರಸಿನ ಮೇಲೆ ಮಲಗಿದ್ದವಳು

ಕೆಳಧಾರವಾಡ
ಇಳಿಕೆಯ ಅರವತ್ತೊಂದನೆಯ ವರ್ಷ, ಎರಡನೆಯ ಬೇಗೆಮಾಸ
(ನಿಮ್ಮ ಎಣಿಕೆಯಂತೆ ಕ್ರಿ.ಶ. ೨೧೮೮)

ಪೂಜ್ಯ ನಿಂಬೆವ್ವ ಅಜ್ಜಿಯವರಿಗೆ, ನಿಮ್ಮ ಮಗ ಶಂಭುವಿನ ಮರಿಮಗನ ಮಗನಾದ ಗುರುಸಿದ್ಧನ ನಮಸ್ಕಾರಗಳು.

ಮೇಲಿನ ದಿನಾಂಕ ನಿಮಗೆ ಬರೆದವನ ಕೈತಪ್ಪಿನಂತೆ ಕಾಣಬಹುದು. ನಾನು ಎರಡು ಸಲ ಓದಿ ನೋಡಿದ್ದೇನೆ, ಸರಿಯಾಗಿಯೇ ಇದೆ. ಪತ್ರದಲ್ಲಿ ನೀವು ಕೇಳಿರದ ಕೆಲವು ಪದಗಳು ಬರುತ್ತವೆ. ಬಂದಲ್ಲೇ ಅವುಗಳ ಅರ್ಥ ಹೇಳುತ್ತ ಹೋಗುತ್ತೇನೆ. ನಾನು ಯಂತ್ರಗಳ ನಡುವೆ ಬೆಳೆದವನು. ಮನೆಯ ಸಂಗತಿಗಳನ್ನು ಬರೆದು ರೂಢಿಯಿಲ್ಲ, ಹೇಳಿಯೂ ರೂಢಿಯಿಲ್ಲ. ಭಾಷೆ ಒರಟಾಗಿ ತೋರಿದರೆ ಕ್ಷಮಿಸಬೇಕು.

ನೆಲದ ಮೇಲಿನ ಬಿಸಿಲು ತಾಳಲಾರದಾದಾಗ ನಮ್ಮ ಹಿಂದಿನವರು ನೆಲದ ಕೆಳಗೆ ಇಳಿದು ಮನೆ ಮಾಡಿದರು. ಅದನ್ನೇ ನಾವು ಇಳಿಕೆ ಎನ್ನುತ್ತೇವೆ. ಬಂಡೆ ಕೊರೆದು ಮಾಡಿದ ನಮ್ಮ ಓಣಿಗಳಿಗೆ ತಂಪುಕೇರಿ ಎಂದು ಹೆಸರು. ಜೋಳದ ರೊಟ್ಟಿಯನ್ನು ನಾವು ಬಿಟ್ಟಿಲ್ಲ. ಒಂದು ಮನೆಯಲ್ಲಿ ಬಡಿಯತೊಡಗಿದರೆ ಸದ್ದು ಸುರಂಗದುದ್ದಕ್ಕೂ ಹೋಗಿ ಇಡೀ ಕೇರಿಗೆ ಹಸಿವಾಗುತ್ತದೆ. ಮೇಲಕ್ಕೆ ಹೋಗುವುದು ಹೆಚ್ಚಾಗಿ ಸಂಡಿಗೆ ಒಣಗಿಸಲು. ಹರವಿ ಮುಗಿಸುವಷ್ಟರಲ್ಲಿ ಮೊದಲು ಇಟ್ಟದ್ದು ಒಣಗಿರುತ್ತದೆ. ಕೆಳಗೆ ಯಾರೂ ಬೆಂಕಿ ಹಚ್ಚುವಂತಿಲ್ಲ, ಏಕೆಂದರೆ ಗಾಳಿಯನ್ನು ನಾವು ಸೋಸಿ ಹಂಚಿಕೊಂಡು ಉಸಿರಾಡುತ್ತೇವೆ. ಆ ಗಾಳಿಯನ್ನು ಕಾಯುವ ಕಚೇರಿಗೆ ಗಾಳಿಗಾವಲು ಎನ್ನುತ್ತಾರೆ. ನಾನು ಅಲ್ಲಿಯ ಎಂಜಿನಿಯರ್. ಯಾವುದೋ ಮನೆಯಲ್ಲಿ ಒಂದು ಊದುಬತ್ತಿ ಹೊತ್ತಿದರೂ ನನ್ನ ಮೇಜಿನ ಮೇಲಿನ ದೀಪ ಕೆಂಪಾಗುತ್ತದೆ.

ನಮ್ಮಲ್ಲಿ ಮದುವೆಗಳೂ ಈ ಇಕ್ಕಟ್ಟಿಗೆ ಹೊಂದಿಕೊಂಡಿವೆ. ಬಿಸಿಲೇ ಇಳಿಯದ ಕಡೆ ಹಗಲು ರಾತ್ರಿಗಳ ಹಂಗಿಲ್ಲ. ಆದ್ದರಿಂದ ಗಂಡ ಕೆಲಸದಲ್ಲಿದ್ದಾಗ ಹೆಂಡತಿ ಮನೆಯಲ್ಲಿರುತ್ತಾಳೆ, ಅವನು ಮರಳಿದಾಗ ಅವಳು ಹೊರಡುತ್ತಾಳೆ. ಜಾಗ ಉಳಿಯುತ್ತದೆ, ಹಾಸಿಗೆ ಒಂದೇ ಸಾಕಾಗುತ್ತದೆ. ಇದಕ್ಕೆ ಸರದಿ ದಾಂಪತ್ಯ ಎಂದು ಹೆಸರು. ನನ್ನ ಹೆಂಡತಿ ವಿಭಾ ನೀರೆತ್ತುವ ಸ್ಥಾವರದಲ್ಲಿದ್ದಳು. ಅವಳು ಎದ್ದುಹೋದ ಹಾಸಿಗೆಯ ಬಿಸುಪಿನಲ್ಲಿ ನಾನು ಮಲಗುತ್ತಿದ್ದೆ. ಅದೇ ನಮಗೆ ಸಂಸಾರವಾಗಿತ್ತು. ಬಾಗಿಲಲ್ಲಿ ಎದುರಾದಾಗ ಒಂದೆರಡು ಮಾತು. ಪಲ್ಯ ಎಲ್ಲಿದೆ, ನಲ್ಲಿ ಸೋರುತ್ತಿದೆ, ಇಷ್ಟು.

ಮಗಳು ಶಾಲ್ಮಲಾ ಹುಟ್ಟಿದಾಗ ನಿಯಮದಂತೆ ಕೂಸನ್ನು ಮಡಿಲುಮನೆಯಲ್ಲಿಟ್ಟೆವು. ಎಲ್ಲರ ಕೂಸುಗಳನ್ನೂ ಬೆಚ್ಚಗಿನ ಬಟ್ಟೆಯ ಮಡಿಲುಗಳಲ್ಲಿ ಸಾಲಾಗಿ ಮಲಗಿಸಿ ನೋಡಿಕೊಳ್ಳುವ ಜಾಗವದು. ತಾಯಂದಿರು ಬೇಗನೆ ಸರದಿಗೆ ಮರಳುತ್ತಾರೆ, ಬಿಡುವಿನಲ್ಲಿ ಹೋಗಿ ಮೊಲೆಯೂಡಿಸುತ್ತಾರೆ. ಆ ದಿನಗಳಲ್ಲಿ ಒಮ್ಮೆ ವಿಭಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ನನಗೇನೂ ಬ್ಯಾಡ್ರಿ. ಕಣ್ಣತುಂಬ ನಿದ್ದಿ ಒಂದು ಸಿಕ್ಕರ ಸಾಕು,” ಎಂದಳು. ನಾನು ಮಲಗುವ ಕೋಣೆಗೆ ಬರುವ ಗಾಳಿಯನ್ನು ಇನ್ನಷ್ಟು ತಂಪು ಮಾಡಿಸಿದೆ. ಅವಳು ಅದನ್ನು ಗಮನಿಸಿ, ಚೆನ್ನಾಗಿದೆ ಎಂದಳು. ಮೂರು ವರ್ಷಗಳ ಹಿಂದೆ ವಿಭಾ ಶ್ವಾಸಕೋಶದ ಜ್ವರದಿಂದ ತೀರಿಕೊಂಡಳು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದಲ್ಲಿ ಉಳಿದಿರುವ ಹಳೆಯ ಚಲಿಸುವ ಚಿತ್ರಗಳಲ್ಲಿ ಒಂದು, ನೀವು ಕೂಸಿಗೆ ನೀರೆರೆಯುತ್ತಿರುವುದು. ನೀವು ಬಚ್ಚಲಿನ ಅಂಚಿಗೆ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ ಕುಳಿತಿದ್ದೀರಿ. ಕೂಸು ನಿಮ್ಮ ಕಣಕಾಲುಗಳ ಮೇಲೆ ಬೋರಲಾಗಿದೆ, ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದೆ. ಫೋನು ಹಿಡಿದವನು ಶಂಭು. ನಿಮ್ಮ ಮಾತು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ.

“ಕಿವ್ಯಾಗ ನೀರು ಹೋಗದಂಗ ಅಂಗೈ ಅಡ್ಡ ಹಿಡೀಬೇಕು, ನೋಡಿಲ್ಲೆ. ಆ ಫೋನು ಅತ್ತಾಗ ಇಟ್ಟು ಕಲಿ ಬಾ.”

“ನಾನ್ಯಾಕ ಕಲೀಲಿ? ನಾನೇನು ಹಡಿಯಾವನಾ?”

“ಹಡಿಯಾಕ ಬರದಿದ್ರ ಎರಿಯಾಕರೆ ಬರಬೇಕಲ್ಲೋ ಭಾಡ್ಯಾ!”

ಅವನು ನಗುತ್ತಾನೆ, ಚಿತ್ರ ಅಲುಗಾಡುತ್ತದೆ, ಮುಗಿಯುತ್ತದೆ. ನಾವೂ ಐದು ತಲೆಮಾರಿನಿಂದ ಅಲ್ಲಿಗೇ ನಗುತ್ತ ಬಂದಿದ್ದೇವೆ.

ಈ ವರ್ಷ ಶಾಲ್ಮಲಾ ಬಸುರಿಯಾದಳು. ಸೀಮಂತದ ಕುಬಸ ಮಾಡಿದ ದಿನ ಎಲ್ಲರೆದುರು ನನ್ನನ್ನು ನೋಡಿ, “ಅಪ್ಪಾ, ನಾ ಬಾಣಂತನಕ್ಕ ತವರಮನಿಗೆ ಬರತೀನಿ,” ಎಂದಳು. ಆ ಪದವನ್ನು ನಮ್ಮಲ್ಲಿ ಯಾರೂ ಬಳಸಿ ಬಹಳ ಕಾಲವಾಗಿತ್ತು. “ತವರಮನ್ಯಾಗ ಯಾರದಾರವ್ವಾ?” ಎಂದೆ. “ನೀ ಇದ್ದೀಯಲ್ಲ,” ಎಂದಳು. ಅವಳ ಅತ್ತೆ, ಒಳ್ಳೆಯ ಮನಸ್ಸಿನ, ಬಾಯಿ ತುಸು ಜೋರಾದ ಹೆಂಗಸು, ಉಡಿ ತುಂಬುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. “ಅಲ್ರಿ ಬೀಗರ, ಇದು ಗಾಳಿ ಪೈಪು ರಿಪೇರಿ ಮಾಡಿದಂಗ ಅಲ್ರಿ. ಬಾಣಂತಿಗೆ ವಾಲ್ವು ಇರೂದಿಲ್ಲ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನವೇ ರಜೆಗೆ ಬರೆದು ಸಿದ್ಧತೆ ಆರಂಭಿಸಿದೆ.

ನಿಮ್ಮ ಚಿತ್ರವನ್ನು ನಿಧಾನಗೊಳಿಸಿ ನೋಡಿ ಕೈಯ ಚಲನೆಯನ್ನು ಅಭ್ಯಾಸ ಮಾಡಿದೆ. ಬೀಜದ ಉಗ್ರಾಣದವರನ್ನು ಕಾಡಿ ಬಾಣಂತಿಗೆ ಕೊಡುವ ಅಳ್ವಿ ಬೀಜ ತಂದೆ. ಅಂಟಿನುಂಡಿ ಕಟ್ಟಿದೆ, ಮೊದಲ ಸಲದ ಉಂಡಿಗಳನ್ನು ಒಡೆಯಲು ಸುತ್ತಿಗೆ ಬೇಕಾಯಿತು. ಬಾಣಂತಿ ಮಲಗುವ ಹೊರಸಿನ ಕೆಳಗೆ ಇಡಲು ಕೆಂಡದ ಶೇಗಡಿಯ ಬದಲು ಕಾಯಿಸಿದ ಕಲ್ಲುಗಳ ಪೆಟ್ಟಿಗೆ ಮಾಡಿದೆ. ಲೋಬಾನದ ಹೊಗೆಗಾಗಿ ಮನೆಯವನಾಗಿ ನಾನೇ ಅರ್ಜಿ ಹಾಕಿ, ಎಂಜಿನಿಯರ್ ಆಗಿ ನಾನೇ ಅದನ್ನು ತಿರಸ್ಕರಿಸಬೇಕಾಯಿತು.

ಹೆಣ್ಣು ಕೂಸು ಹುಟ್ಟಿತು. ಶಾಲ್ಮಲಾ ಹೇಳಿದಂತೆ ನನ್ನ ಮನೆಗೆ ಬಂದಳು. ನನ್ನ ಕೆಲಸದಲ್ಲಿ ಒಂದು ಪದ್ಧತಿಯಿದೆ: ಯಾವ ಯಂತ್ರವನ್ನು ಮುಟ್ಟಿದರೂ ಬಳಸುವವರನ್ನು ಕೇಳಿ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಆ ಪದ್ಧತಿಯನ್ನು ನಾನು ಬಾಣಂತಿಯ ಕೋಣೆಗೂ ತಂದೆ. ಎರೆಯುವ ಮುನ್ನ ತಾಪಮಾಪಕದಲ್ಲಿ ನೋಡಿ, ಮತ್ತೆ ನೀರಿನ ತಂಬಿಗೆ ಹಿಡಿದುಕೊಂಡು ಹೋಗಿ, “ಇಷ್ಟು ಬಿಸಿ ಸಾಕೇನವ್ವಾ?” ಎಂದು ಅವಳ ಕೈ ಅದ್ದಿಸುತ್ತಿದ್ದೆ. ಕೂಸು ಬಿಕ್ಕಿದರೆ, ಸೀನಿದರೆ, ಬಹಳ ಹೊತ್ತು ಸುಮ್ಮನಿದ್ದರೆ ಕರೆಯುತ್ತಿದ್ದೆ. ಉಂಡಿಯ ಹೊತ್ತಿಗೆ ಉಂಡಿ ತಿನ್ನಲು ಎಬ್ಬಿಸುತ್ತಿದ್ದೆ. ನಿದ್ದೆ ಬಂತೇ ಎಂದು ಕೇಳಲೂ ಎಬ್ಬಿಸಿದ್ದುಂಟು. ಅವಳು ಸಿಟ್ಟಾಗಲಿಲ್ಲ. ಪ್ರತಿ ಸಲ ಕಣ್ಣು ತೆರೆದು, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಳು. ಆ ವಿಷಯದಲ್ಲಿ ಅವಳು ವಿಭಾಳ ಮಗಳು.

ಒಂದು ದಿನ ಊಟದ ತಟ್ಟೆ ಹಿಡಿದು ಹೋದಾಗ ಅವಳು ಕೂಸಿನ ಕುಲಾಯಿಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

“ಕೂಸನ್ನ ಮಡಿಲುಮನಿಗೆ ಒಯ್ಯತೀನಪ್ಪಾ.”

“ಯಾಕವ್ವಾ? ಏನರೆ ಕಡಿಮಿ ಆತೇನು?”

“ಕಡಿಮಿ ಏನಾಗಿಲ್ಲ. ಭಾಳ ಮಾಡಾಕತ್ತಿ ನೀ.”

ನನಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರೆ ಅದು ತಿಳಿಯುವಂತಿತ್ತೆಂದು ಕಾಣುತ್ತದೆ. ಅವಳು ನಿಮ್ಮ ಚಿತ್ರವನ್ನು ತೆರೆದು, ನೀವು ತಂಬಿಗೆ ಎತ್ತುವಲ್ಲಿ ನಿಲ್ಲಿಸಿ, ಚಿತ್ರದ ಮೂಲೆಗೆ ಬೆರಳಿಟ್ಟಳು. ಬಚ್ಚಲಿನ ಬಾಗಿಲ ಆಚೆ, ಅರ್ಧ ಕತ್ತಲಲ್ಲಿ, ಒಂದು ಹೊರಸು. ಅದರ ಮೇಲೆ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು. ನಿಮ್ಮ ಮಗಳು ಕಸ್ತೂರಿ, ಆ ಕೂಸಿನ ತಾಯಿ. ಬಾಯಿ ತುಸು ತೆರೆದಿದೆ, ಒಂದು ಪಾದ ಕೌದಿಯಿಂದ ಹೊರಗೆ ಬಿದ್ದಿದೆ. ಅಷ್ಟು ಅಳು, ನಿಮ್ಮ ಬೈಗುಳ, ಶಂಭುವಿನ ನಗು, ಇಷ್ಟರ ನಡುವೆ ಅವಳು ನಿದ್ದೆಯಲ್ಲಿದ್ದಾಳೆ.

“ಇದರಾಗ ಎರಿಯೋದನ್ನ ನಾ ಎಂದೂ ನೋಡಿಲ್ಲಪ್ಪ,” ಎಂದಳು ಶಾಲ್ಮಲಾ. “ಸಣ್ಣಾಕಿ ಇದ್ದಾಗಿಂದ ಈಕೀನ್ನ ನೋಡತಿದ್ದೆ. ಕೂಸು ಅಷ್ಟು ಹೊಯ್ಕೊಂಡ್ರೂ ಏಳವಲ್ಲಳು ನೋಡು. ತನ್ನ ಅವ್ವನ ಕೈಯಾಗ ಐತಿ ಅಂತ ಆಕಿಗೆ ಗೊತ್ತೈತಿ. ನಾ ಅದಕ್ಕ ಬಂದಿದ್ದೆ ಇಲ್ಲಿಗೆ.”

ಚಿತ್ರದ ಮೇಲಿನ ಬೆರಳು ತೆಗೆಯದೆ, “ನಮ್ಮವ್ವ ಒಮ್ಮೆರೆ ಹಿಂಗ ಮಲಗಿದ್ಲೇನಪ್ಪಾ?” ಎಂದಳು.

ನಾನು ತಟ್ಟೆ ಕೆಳಗಿಟ್ಟೆ. ಕೂಸನ್ನು ಎತ್ತಿಕೊಂಡೆ, ದೀಪ ಆರಿಸಿದೆ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ತಾಪಮಾಪಕವನ್ನು ಹುಡುಕಲಿಲ್ಲ. ನೀರಿಗೆ ಮೊಣಕೈ ಅದ್ದಿ ನೋಡಿ, ಪಂಚೆ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ ಕುಳಿತೆ. ಕೂಸು ಕಿರುಚಿತು. ನನ್ನ ಕೇರಿಯಲ್ಲಿ ರೊಟ್ಟಿಯ ಸದ್ದೇ ಅಷ್ಟು ದೂರ ಹೋಗುತ್ತದೆ, ಇದು ಎಲ್ಲಿಯವರೆಗೆ ಹೋಯಿತೋ ತಿಳಿಯದು. ಕಿವಿಗೆ ಅಂಗೈ ಅಡ್ಡ ಹಿಡಿದು ಎರೆದೆ. ಬಾಗಿಲ ಆಚೆಯಿಂದ ಯಾರೂ ಕರೆಯಲಿಲ್ಲ. ಒರೆಸಿ, ಸುತ್ತಿ, ಹೆಗಲ ಮೇಲೆ ಹಾಕಿಕೊಂಡು ಬಾಗಿಲನ್ನು ತುಸುವೇ ಸರಿಸಿ ನೋಡಿದೆ. ಶಾಲ್ಮಲಾಳ ಬಾಯಿ ತುಸು ತೆರೆದಿತ್ತು.

ಆ ಚೀಲ ಈಗ ಕಪಾಟಿನ ಮೇಲೆ ಕುಳಿತಿದೆ. ಅವಳು ಅದನ್ನು ಮತ್ತೆ ಕೇಳಿಲ್ಲ.

ಆದರೆ ಅವಳ ಪ್ರಶ್ನೆ ನನ್ನೊಡನೆ ಉಳಿದಿದೆ, ಅಜ್ಜಿ. ಒಂದೇ ಹಾಸಿಗೆಯನ್ನು ಅಷ್ಟು ವರ್ಷ ಹಂಚಿಕೊಂಡರೂ ವಿಭಾ ಮಲಗಿದ್ದನ್ನು ನಾನು ನೋಡಿದ್ದು ಕಡಿಮೆ. ನಾನು ಮನೆಗೆ ಬರುವಾಗ ಅವಳು ಎದ್ದಿರುತ್ತಿದ್ದಳು. ಕೂಸನ್ನು ಮನೆಗೆ ತಂದು ಕಾಲ ಮೇಲೆ ಹಾಕಿಕೊಂಡು, ಇನ್ನು ನೀನು ಮಲಗು ಎನ್ನಬಹುದೆಂಬುದು ನನಗೆ ತೋಚಿರಲಿಲ್ಲ. ನನ್ನ ತಂದೆಗೆ ತೋಚಿರಲಿಲ್ಲ, ಅವರ ತಂದೆಗೂ ಇಲ್ಲ. ನಮ್ಮಲ್ಲಿ ಯಾರಿಗೂ ಆ ಕೆಲಸ ಕೈಗೆ ಬಂದಿರಲಿಲ್ಲ. ಬರದ ಕೆಲಸ ಮನಸ್ಸಿಗೂ ಬರುವುದಿಲ್ಲ.

ಹೀಗಾಗಿ ಒಂದು ಕೋರಿಕೆ. ಕೂಸಿಗೆ ಎರೆಯುವ ಆ ದಿನ ನಿಮಗೆ ಇನ್ನೂ ಬಂದಿರದಿದ್ದರೆ, ಬರೀ ಮಾತಿನಲ್ಲಿ ಹೇಳಿ ಬಿಡಬೇಡಿ. ಶಂಭು ನಕ್ಕರೆ ನಗಲಿ. ಫೋನು ಕಸಿದುಕೊಂಡು ಅವನ ಕೈಗೆ ತಂಬಿಗೆ ಕೊಡಿ, ಮಣೆಯ ಮೇಲೆ ಕೂಡಿಸಿ. ಚಿತ್ರ ಉಳಿಯುವುದಿಲ್ಲ, ನಿಮ್ಮ ಮುಖವನ್ನು ನಾವು ಎಂದೂ ಕಾಣುವುದಿಲ್ಲ. ಅದು ನಮಗೆ ಸಣ್ಣ ನಷ್ಟವಲ್ಲ, ಯೋಚಿಸಿಯೇ ಕೇಳುತ್ತಿದ್ದೇನೆ. ಅವನು ತನ್ನ ಮಗನಿಗೆ ಕಲಿಸಿಯಾನು, ಆ ಮಗ ಮುಂದಿನವನಿಗೆ. ಯಾವುದೋ ಒಂದು ಸರದಿಯ ಬಾಗಿಲಲ್ಲಿ ವಿಭಾ ಚಪ್ಪಲಿ ಬಿಟ್ಟು ಒಳಗೆ ಮರಳಿಯಾಳು.

ಕಸ್ತೂರಿಯವರ ಪಾದದ ಮೇಲೆ ಕೌದಿ ಸರಿಪಡಿಸಿ. ಸದ್ದಾಗದಂತೆ.

ಇಲ್ಲಿ ಕೂಸು ಎಚ್ಚರಾಗುತ್ತಿದೆ, ಅದರ ತಾಯಿ ಮಲಗಿದ್ದಾಳೆ. ಅಳು ಶುರುವಾಗುವ ಮೊದಲು ಏಳಬೇಕು.

ನಿಮ್ಮ
ಗುರುಸಿದ್ಧ