ಭಾಗಕ್ಕ ತಟ್ಟಿದ ಬೆನ್ನು

ಹುಮನಾಬಾದ್
೧೮ ಫೆಬ್ರುವರಿ ೨೦೦೭

ಅಕ್ಕ ಭಾಗಮ್ಮಳಿಗೆ ತಮ್ಮ ಓಂಪ್ರಕಾಶನ ಶರಣಾರ್ಥಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಲ್ಲದ ಮಾತು ಬಂದರೆ ನಿನಗೆ ಫೋನು ಕೇಳಿಸುವುದಿಲ್ಲ. ಇದನ್ನು ಓದಿ ಹೇಳುವಾಗ ನಗು ಬಂದರೆ ನಗಲಿ, ಒಂದು ಸಾಲೂ ಬಿಡಬಾರದು ಎಂದು ನಿನ್ನ ಮೊಮ್ಮಗಳು ದೀಪಾಲಿಗೆ ತಾಕೀತು ಮಾಡು.

ನಾನು ಸುಖವಾಗಿದ್ದೇನೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಆರು ತಾಸು ಮೈಮರೆತು ಮಲಗುತ್ತೇನೆ. ಫ್ಯಾಕ್ಟರಿಯಲ್ಲಿ ಬಾಯ್ಲರ್ ಮುಂದೆ ಕೂತರೆ ಕಣ್ಣು ಎಳೆಯುವುದಿಲ್ಲ. ಜೊತೆಗಾರ ಮಚ್ಚೇಂದ್ರ ನನ್ನನ್ನು ಕುಂಭಕರ್ಣ ಎನ್ನುವುದನ್ನು ಬಿಟ್ಟಿದ್ದಾನೆ.

ಹೋದ ದೀಪಾವಳಿಯಲ್ಲಿ ಹೀಗಿರಲಿಲ್ಲ. ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಬರುತ್ತದೆ, ಅದಕ್ಕೇ ಈ ತೂಕಡಿಕೆ ಎಂದು ಹೈದರಾಬಾದಿನ ಡಾಕ್ಟರು ಗಾಳಿ ಊದುವ ಯಂತ್ರ ಕೊಡಿಸಿದ್ದರು. ಇನ್ನೊಮ್ಮೆ ತೂಕಡಿಸಿದರೆ ಬಾಯ್ಲರ್ ಹತ್ತಿರ ಬರಬೇಡ ಎಂದು ಫ್ಯಾಕ್ಟರಿ ಸಾಹೇಬರು ಖಡಕ್ಕಾಗಿ ಹೇಳಿದ್ದರು. ಆದರೂ ನಾನು ಕೆಲವು ವಾರ ಕಟ್ಟಿ ನೋಡಿ ಯಂತ್ರವನ್ನು ಕಪಾಟಿನ ಮೇಲಿಟ್ಟೆ. ಅದನ್ನು ಕಟ್ಟಿ ಮಲಗಿದರೆ ಹೊಟ್ಟೆ ಉಬ್ಬುತ್ತಿತ್ತು, ಏಳುವ ಹೊತ್ತಿಗೆ ಪ್ಯಾಂಟಿನ ಗುಂಡಿ ಹತ್ತುತ್ತಿರಲಿಲ್ಲ. ನನ್ನಾಕೆ ಭುವನೇಶ್ವರಿ ಪಾಪ, ತನ್ನ ಅಡುಗೆಯದೇ ತಪ್ಪೆಂದು ಬೇಳೆ ಬಿಡಿಸಿದಳು, ಇಂಗು ಕುಡಿಸಿದಳು, ಅಜವಾನ ಅಗಿಸಿದಳು. ನಾನು ಸೊರಗಿದೆ, ಹೊಟ್ಟೆ ಸೊರಗಲಿಲ್ಲ. ಇಂಥದ್ದನ್ನು ಡಾಕ್ಟರ ಮುಂದೆ ಹೇಳುವುದು ಹೇಗೆ? ಮತ್ತೆ ತೋರಿಸಲು ಹೋದಾಗ "ಎಲ್ಲಾ ಆರಾಮ್ರಿ" ಎಂದು ಬಂದುಬಿಟ್ಟೆ.

ಯಂತ್ರ ಬಿಟ್ಟಿದ್ದೇನೆ ಎಂದು ಭುವನೇಶ್ವರಿ ನಿನಗೆ ಚಾಡಿ ಹೇಳಿದ್ದೇ ಒಳ್ಳೆಯದಾಯಿತು. ನೀನು ನಿನ್ನೂರು ಕಲ್ಯಾಣದಿಂದ ಮೊದಲ ಬಸ್ಸಿಗೇ ಬಂದೆ. ರಾತ್ರಿಪಾಳಿ ಮುಗಿಸಿ ಬಂದಿದ್ದ ನನಗೆ ಯಂತ್ರ ಕಟ್ಟಿಸಿ, ಮಂಚದ ಪಕ್ಕದಲ್ಲೇ ಮೊರ ಹಿಡಿದು ತೊಗರಿ ಹಸನು ಮಾಡುತ್ತ ಕೂತೆ. ನಾನು ಎದ್ದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ನಿನ್ನ ಗಂಟಲಾ ನೋಡಿದ್ನೋ ಓಂಪ್ಯಾ. ಖಾಲಿ ಬಾಟ್ಲಿ ಚೀಪೋ ಕೂಸಿನಂಗ ಗಟಗಟ ಗಾಳಿ ನುಂಗಾಕತ್ತಿದ್ದಿ. ಬೇಳಿದೇನ್ ತಪ್ಪದ?" ಹಾಗೆಂದವಳೇ ಐವತ್ತೆರಡರ ನನ್ನನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ತಟ್ಟಿದೆ. ನನ್ನನ್ನು ಹೆತ್ತ ಎಂಟನೇ ದಿನಕ್ಕೆ ಅವ್ವ ಹೋದಾಗ, ಹನ್ನೆರಡರ ನೀನು ಹೀಗೇ ತಟ್ಟಿ ಬೆಳೆಸಿದೆಯಂತೆ. ಎಂಥ ತೇಗು ಬಂತು! ಗೋಡೆಯಾಚೆಯ ನೆರೆಮನೆಯಿಂದ ಮುನ್ನಿ ಬೀ "ಕ್ಯಾ ಹುವಾ ಆಪಾ?", ಏನಾಯಿತಕ್ಕ, ಎಂದು ಕೂಗಿದರು.

ಆಮೇಲೆ ನೀನು ಕೇಳಿದೆ: "ನಿನ್ನ ಬಾಯ್ಲರ್‌ದಾಗ ಪ್ರೆಷರ್ ಜಾಸ್ತಿ ಆದ್ರ ಏನ್ ಮಾಡ್ತಿ? ಇಳಸ್ತಿ ಇಲ್ಲೋ? ಮತ್ತ ಇದಕ್ಯಾಕ ಇಳಸಂಗಿಲ್ಲ?" ಇಪ್ಪತ್ತು ವರ್ಷ ಒತ್ತಡದ ಮುಳ್ಳು ನೋಡಿಕೊಂಡೇ ಅನ್ನ ತಿಂದ ನನಗೆ ಅದು ಹೊಳೆದಿರಲಿಲ್ಲ.

ಮರುದಿನವೇ ನನ್ನನ್ನು ಹೈದರಾಬಾದಿಗೆ ಎಳೆದೊಯ್ದೆ. ಅಲ್ಲಿನ ಡಾಕ್ಟರು ಬೀದರ್ ಕಡೆಯವರಾಗಿದ್ದದ್ದು ನನ್ನ ದುರ್ದೈವ, ನಿನ್ನ ಒಂದು ಮಾತೂ ಅವರಿಗೆ ತಿಳಿಯದೆ ಉಳಿಯಲಿಲ್ಲ. "ಸಾಹೇಬ್ರ, ಇಂವ ಗಾಳಿ ಮ್ಯಾಲೂ ಬಿಡ್ತಾನ, ಕೆಳಗೂ ಬಿಡ್ತಾನ. ನಾಚಿಕಿಗಿ ನಿಮ್ಮ ಮುಂದ ಹೇಳಂಗಿಲ್ರಿ." ಹೊರಗೆ ಕೂತವರೂ ಕೇಳಿಸಿಕೊಂಡರು. ನೆಲ ಬಾಯಿಬಿಡಬಾರದೇ ಅನಿಸಿತು. ಡಾಕ್ಟರು ನಗಲಿಲ್ಲ. ಮೊದಲೇ ಹೇಳಬೇಕಿತ್ತು ಎಂದು ಗಾಳಿಯ ಒತ್ತಡ ಇಳಿಸಿಕೊಟ್ಟರು, ಮಂಚದ ತಲೆಕಡೆ ಎತ್ತರಿಸಿ ಮಗ್ಗುಲಾಗಿ ಮಲಗಲು ಹೇಳಿದರು. ಹೊಟ್ಟೆಯ ಗಾಳಿ ಪೂರ್ತಿ ಹೋಗಿಲ್ಲ. ಎದ್ದಮೇಲೆ ನಾಲ್ಕು ತೇಗು, ಅಂಗಳದಲ್ಲಿ ಹತ್ತು ಸುತ್ತು, ಆಮೇಲೆ ರೊಟ್ಟಿ ಬೇಳೆ. ನನಗಷ್ಟು ಸಾಕು.

ಈಗ ನಿನ್ನ ವಿಷಯ. ದೀಪಾಲಿ ಎಲ್ಲ ಹೇಳಿದ್ದಾಳೆ. ಮಧ್ಯಾಹ್ನ ಮಲಗಿದರೆ ಗೊರಕೆಯ ನಡುವೆ ನಿನ್ನ ಉಸಿರು ನಿಲ್ಲುತ್ತದಂತೆ, ಹುಡುಗಿ ಹೆದರಿ ಅಲುಗಾಡಿಸುತ್ತಾಳಂತೆ. ಒಲೆಯ ಮುಂದೆ ತೂಕಡಿಸಿ ಕೈ ಸುಟ್ಟುಕೊಂಡಿದ್ದೀಯಂತೆ. ಯಂತ್ರದ ಮಾತೆತ್ತಿದರೆ "ಮುದುಕಿಗ್ಯಾಕ ಆ ಆನಿ ಸೊಂಡಿ? ಮಂದಿ ನಗ್ತಾರ" ಅಂದೆಯಂತೆ! ನನ್ನ ಮಾನ ಹೈದರಾಬಾದಿನಲ್ಲಿ ಹರಾಜು ಹಾಕಿದವಳು ನೀನೇ ಅಲ್ಲವೇ?

ಅಕ್ಕ, ನನಗೆ ಹೆದರಿಕೆಯಾಗುತ್ತದೆ. ಅವ್ವನ ಮುಖ ನಾನು ಕಂಡಿಲ್ಲ, ನನಗೆ ಅವ್ವ ಅಂದರೆ ನೀನೇ. ಗುರುವಾರ ಬೆಳಿಗ್ಗೆ ಬರುತ್ತೇನೆ, ಹೈದರಾಬಾದಿಗೆ ಹೊರಡಲು ತಯಾರಾಗಿರು. ಡಾಕ್ಟರ ಮುಂದೆ ನೀನು ಬಾಯಿ ತೆರೆಯುವುದು ಬೇಡ, ಎಲ್ಲ ನಾನೇ ಹೇಳುತ್ತೇನೆ, ಹೊರಗೆ ಕೂತವರಿಗೂ ಕೇಳುವಂತೆ. ಗಾಳಿ ನಿನ್ನ ಹೊಟ್ಟೆ ಸೇರಿದರೂ ಚಿಂತೆಯಿಲ್ಲ. ಬೆನ್ನು ತಟ್ಟುವುದು ನನಗೂ ಬರುತ್ತದೆ.

ನಿನ್ನ ಉಸಿರು ಎಲ್ಲೂ ನಿಲ್ಲದೆ ನೂರು ವರ್ಷ ನಡೆಯಲಿ.

ನೀನು ತಟ್ಟಿ ಬೆಳೆಸಿದ
ಓಂಪ್ಯಾ