ಊಟವಾದ ಮೇಲೆ ಸಹಿ

ಅಪ್ಪಾಜಿ,

ಇವತ್ತು ಹುಣಸೂರಿನ ಚರ್ಚಿನಲ್ಲಿ ನಿಮ್ಮ ಮಾತನ್ನು ನನ್ನದೇ ಎಂಬಂತೆ ಆಡಿಬಿಟ್ಟೆ. ಚರ್ಚಿಗೆ ಆಸ್ತಿ ಬಿಡಬೇಕೆನ್ನುವವರಿಗೆ ನಾವು ಕೆಲವು ವಕೀಲರು ಭಾನುವಾರ ಪುಕ್ಕಟೆಯಾಗಿ ವಿಲ್ ಬರೆದುಕೊಡುತ್ತೇವೆ. ಸೊಸೆಯ ಮೇಲೆ ಮುನಿಸಿಕೊಂಡು ಏನೂ ತಿನ್ನದೆ ಬಂದಿದ್ದ ಫಿಲೋಮಿನಮ್ಮ, ಮನೆ, ತೆಂಗಿನ ತೋಟ ಎರಡನ್ನೂ ಚರ್ಚಿಗೇ ಬರೆಸಿದರು.

"ಎಲ್ಲಿ ಸೈನ್ ಆಕ್ಬೇಕವ್ವಾ?"

ಸಾಲಿಗ್ರಾಮದಲ್ಲಿ ಜನರಿಗೆ ಕ್ರಯಪತ್ರ, ವಿಲ್ ಬರೆದುಕೊಡುತ್ತಿದ್ದಾಗ ನೀವು ಎಲ್ಲರಿಗೂ ಹೇಳುತ್ತಿದ್ದುದನ್ನೇ ಹೇಳಿದೆ: "ಮೊದ್ಲು ಮನೆಗೋಗಿ ಊಟ ಮಾಡ್ಕೊಂಡ್ ಬನ್ನಿ. ಹಸ್ಕೊಂಡು ವಿಲ್‌ಗೆ ಸೈನ್ ಹಾಕ್ಬಾರ್ದು." ಪಾದ್ರಿಗಳು ನಕ್ಕರು.

ಮಧ್ಯಾಹ್ನ ತಿರುಗಿ ಬಂದವರ ದನಿ ಮೆತ್ತಗಾಗಿತ್ತು. "ಮಾತಾಡ್ದಿದ್ರೂ ಸೊಸೆ ಬಿಸಿ ಮುದ್ದೆ ಇಕ್ಕುದ್ಲು ಕಣವ್ವ. ಮನೆ ಅವ್ಳಿಗಿರ್ಲಿ ಬುಡು. ತೋಟ ಚರ್ಚಿಗೆ." ಮೊದಲು ಬರೆದದ್ದನ್ನು ಹರಿದು ಹೊಸದಾಗಿ ಬರೆದೆ. ಪಾದ್ರಿಗಳೇ ಅವರನ್ನು ಆಟೋ ಹತ್ತಿಸಿದರು.

ನೀವು ಹೋದ ಮೇಲೆ ನಮ್ಮ ಮನೆ, ನಿಮ್ಮ ವಿಲ್‌ನಂತೆ ಮಠಕ್ಕೆ ಸೇರಿತು. ನನಗೆ ಬೇಸರವಿಲ್ಲ, ನಿಮ್ಮ ಪಡಸಾಲೆಯಲ್ಲಿ ಈಗ ಹಾಸ್ಟೆಲ್ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುತ್ತಾರೆ, ನಿಮಗೆ ಖುಷಿಯಾಗುತ್ತಿತ್ತು.

ಒಂದನ್ನು ಮಾತ್ರ ಕೇಳಬೇಕಿತ್ತು. ಆ ವಿಲ್‌ಗೆ ಸಹಿ ಹಾಕಿದ ದಿನ ನಿಮಗೆ ಊಟ ಬಡಿಸಿದವರು ಯಾರು, ಅಪ್ಪಾಜಿ?